ಹೊಸ ಹುಡುಗರೋ, ಪಳಗಿದ ಕಲಿಗಳೋ? ಬೇರ್ಸ್-ಲಯನ್ಸ್ ತಂಡಗಳ ಹಳೆಯ ವಾದ

ಯುಗಾದಿಯ ಬೇವು-ಬೆಲ್ಲ ಮುಗಿದು, ರಾಮನವಮಿಯ ಪಾನಕ-ಕೋಸಂಬರಿಯೂ ಆಯಿತೆಂದರೆ ಶಾಮ್‌ಬರ್ಗಿನ ಸುತ್ತಮುತ್ತಲ ಕನ್ನಡಿಗರ ಮನೆಗಳಲ್ಲಿ ಇನ್ನೊಂದು ಹಬ್ಬದ ಮಾತು ಶುರುವಾಗುತ್ತದೆ. ಅದು ಏಪ್ರಿಲ್ ಕೊನೆಗೆ ಬರುವ ಎನ್.ಎಫ್.ಎಲ್. ಡ್ರಾಫ್ಟ್. ಇಲ್ಲೇ ಹುಟ್ಟಿದ ಮಕ್ಕಳಿಗೆ ಅಮೆರಿಕದ ಫುಟ್‌ಬಾಲ್ ತಾನಾಗಿ ಬಂದದ್ದು. ಕ್ರಿಕೆಟ್ ನೋಡಿ ಬೆಳೆದ ನಾವು ಇಷ್ಟು ಚಳಿಗಾಲ ಅವರ ಪಕ್ಕದಲ್ಲಿ ಸೋಫಾದ ಮೇಲೆ ಕೂತು ಕೂತು ಕಲಿತದ್ದು. ಕೂಟದ ಊಟದ ಸಾಲಿನಲ್ಲಿ ಬಿಸಿಬೇಳೆ ಭಾತಿನ ಪಾತ್ರೆ ತಲುಪುವ ಮೊದಲೇ ಜನ ಎರಡು ಪಕ್ಷವಾಗಿ ಒಡೆದಿರುತ್ತಾರೆ. "ಹುಡುಗರನ್ನು ತಂದು ಬೆಳೆಸಬೇಕು, ಸ್ವಲ್ಪ ತಡೆದುಕೊಳ್ಳಿ" ಎಂಬುದು ಒಂದು ಪಕ್ಷ. "ತಡೆದುಕೊಂಡದ್ದು ಸಾಕು, ದುಡ್ಡು ಬಿಚ್ಚಿ ಪಳಗಿದವರನ್ನು ತನ್ನಿ" ಎಂಬುದು ಇನ್ನೊಂದು. ಡೆಟ್ರಾಯ್ಟಿನ ಪಂಪ ಕನ್ನಡ ಕೂಟದ ಕಡೆಯ ನೆಂಟರು ಬಂದಿದ್ದರಂತೂ ಪಾಯಸ ಆರಿ ತಣ್ಣಗಾಗುವವರೆಗೆ ಮಾತು ಮುಗಿಯುವುದಿಲ್ಲ.

ಈ ಆಟದ ಗೊಡವೆಗೆ ಹೋಗದ ಓದುಗರಿಗಾಗಿ ಎರಡು ಮಾತು. ಡ್ರಾಫ್ಟ್ ಎಂದರೆ ಕಾಲೇಜು ತಂಡಗಳಲ್ಲಿ ಆಡಿದ ಹುಡುಗರನ್ನು ವೃತ್ತಿ ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವುದು. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯದು. ಆರಿಸಿದ ತಂಡ ಬಿಟ್ಟರೆ ಬೇರೆ ತಂಡದೊಡನೆ ಆ ಹುಡುಗ ಚೌಕಾಸಿ ಮಾಡುವಂತಿಲ್ಲ. ಫ್ರೀ ಏಜೆಂಟ್ ಎಂದರೆ ಕೆಲವು ವರ್ಷ ಆಡಿ, ಕರಾರಿನ ಅವಧಿ ಮುಗಿಸಿ, ಹೆಚ್ಚು ಕೊಟ್ಟವರ ಕಡೆಗೆ ಹೋಗಲು ಸ್ವತಂತ್ರನಾದ ಅನುಭವಿ. ನಮ್ಮ ದನದ ಜಾತ್ರೆಗಳಲ್ಲಿ ರೈತರು ಬಾಯಿ ಬಿಡಿಸಿ ಹಲ್ಲು ಎಣಿಸುವುದನ್ನು ಕಂಡವರಿಗೆ ಇದು ಹೊಸದಲ್ಲ. ಹಾಲುಹಲ್ಲಿನ ಕರು ಅಗ್ಗ, ಆದರೆ ನೊಗಕ್ಕೆ ಪಳಗುವುದೋ ಇಲ್ಲವೋ ಯಾರು ಬಲ್ಲರು? ಪಳಗಿದ ಎತ್ತು ನಾಳೆಯೇ ಹೊಲಕ್ಕೆ ಇಳಿಯುತ್ತದೆ, ಆದರೆ ಬೆಲೆ ಹೆಚ್ಚು, ಉಳಿದ ವರ್ಷ ಕಡಮೆ.

ಎರಡರಲ್ಲಿ ಯಾವುದು ಜಾಣತನ ಎಂದು ಕೇಳುವವರಿಗೆ ಈ ಆಟದ ಚರಿತ್ರೆಯಲ್ಲಿ ಒಂದೇ ಉತ್ತರ ಸಿಗುವುದಿಲ್ಲ. ನಿಯಮ ಬದಲಾದಾಗಲೆಲ್ಲ ಉತ್ತರವೂ ಬದಲಾಗಿದೆ. ಆ ನಿಯಮಗಳು ಹೇಗೆ ಬಂದವು, ಯಾರಿಗೆ ಲಾಭವಾಯಿತು, ಯಾರು ಬೆಲೆ ತೆತ್ತರು ಎಂಬುದನ್ನು ಶಿಕಾಗೊ ಮತ್ತು ಡೆಟ್ರಾಯ್ಟಿನ ಕಥೆಗಳಿಂದಲೇ ಹೇಳಬಹುದು. ಮೊದಲ ಅಧ್ಯಾಯವೇ ನಮ್ಮ ಊರಿನದು.

1935ರಲ್ಲಿ ಫಿಲಡೆಲ್ಫಿಯ ಈಗಲ್ಸ್ ತಂಡ ಪಟ್ಟಿಯಲ್ಲಿ ತೀರಾ ಕೆಳಗಿತ್ತು. ಒಳ್ಳೆಯ ಹುಡುಗರೆಲ್ಲ ದುಡ್ಡು, ಹೆಸರು ಎರಡೂ ಇದ್ದ ಶಿಕಾಗೊ, ನ್ಯೂಯಾರ್ಕ್ ತಂಡಗಳಿಗೇ ಹೋಗುತ್ತಿದ್ದರು. ಆಗ ಈಗಲ್ಸ್ ಒಡೆಯ ಬರ್ಟ್ ಬೆಲ್, ಸೋತವರಿಗೆ ಮೊದಲ ಆಯ್ಕೆ ಕೊಡೋಣ ಎಂದು ಸೂಚಿಸಿದರು. 1936ರ ಫೆಬ್ರವರಿ 8ರಂದು ಫಿಲಡೆಲ್ಫಿಯದ ಒಂದು ಹೋಟೆಲಿನಲ್ಲಿ ಒಂಬತ್ತು ತಂಡಗಳವರು ಸೇರಿ, ಕರಿಹಲಗೆಯ ಮೇಲೆ ಬರೆದ ಹೆಸರುಗಳಿಂದ ಒಂಬತ್ತು ಸುತ್ತಿನಲ್ಲಿ 81 ಜನರನ್ನು ಹಂಚಿಕೊಂಡರು. ಸೋತವರಿಗೆ ಸಹಾಯ ಎಂಬುದು ಹೇಳಿಕೊಳ್ಳುವ ಕಾರಣ. ಒಬ್ಬ ಹುಡುಗನಿಗೆ ಇಬ್ಬರು ಪೈಪೋಟಿ ಮಾಡಿದರೆ ಸಂಬಳ ಏರುತ್ತದೆ, ಡ್ರಾಫ್ಟ್ ಬಂದರೆ ಏರುವುದಿಲ್ಲ ಎಂಬುದೂ ಎಲ್ಲ ಒಡೆಯರಿಗೆ ತಿಳಿದಿತ್ತು.

ಆ ದಿನ ಮೊಟ್ಟಮೊದಲು ಆಯ್ಕೆಯಾದ ಹೆಸರು ಯೂನಿವರ್ಸಿಟಿ ಆಫ್ ಶಿಕಾಗೊದ ಜೇ ಬರ್ವಾಂಗರ್. ಮುಂದೆ ಹೈಸ್ಮನ್ ಟ್ರೋಫಿ ಎಂದು ಹೆಸರಾದ ಬಹುಮಾನವನ್ನು ಮೊದಲು ಗೆದ್ದವರೂ ಇವರೇ. ಈಗಲ್ಸ್ ತಂಡ ಇವರ ಮೇಲಿನ ಹಕ್ಕನ್ನು ಶಿಕಾಗೊ ಬೇರ್ಸ್‌ಗೆ ಬಿಟ್ಟುಕೊಟ್ಟಿತು. ಬೇರ್ಸ್ ತಂಡದ ಸ್ಥಾಪಕ, ಒಡೆಯ ಎರಡೂ ಆಗಿದ್ದ ಜಾರ್ಜ್ ಹಾಲಸ್ ಕೈ ಬಿಗಿ ಮಾಡುವುದಕ್ಕೆ ಪ್ರಸಿದ್ಧರು. ಬರ್ವಾಂಗರ್ ಎರಡು ವರ್ಷಕ್ಕೆ 25,000 ಡಾಲರ್ ಕೇಳಿದರಂತೆ. ಹಾಲಸ್ ಒಪ್ಪಲಿಲ್ಲ. ಬೇರೆ ತಂಡಕ್ಕೆ ಹೋಗುವ ದಾರಿ ಇರಲಿಲ್ಲ. ಹೀಗೆ ಡ್ರಾಫ್ಟ್ ಚರಿತ್ರೆಯ ಮೊದಲ ಆಟಗಾರ ಒಂದೇ ಒಂದು ವೃತ್ತಿ ಪಂದ್ಯವನ್ನೂ ಆಡದೆ, ಮುಂದೆ ರಬ್ಬರ್ ಪಟ್ಟಿಗಳನ್ನು ತಯಾರಿಸುವ ಉದ್ಯಮ ನಡೆಸಿ, 2002ರಲ್ಲಿ ನಮ್ಮ ಓಕ್ ಬ್ರೂಕಿನಲ್ಲಿ ತೀರಿಕೊಂಡರು. ಅವರ ಟ್ರೋಫಿಯನ್ನು ಅತ್ತೆಯೊಬ್ಬರು ಬಹುಕಾಲ ಬಾಗಿಲು ಮುಚ್ಚದಂತೆ ಆನಿಸಿಡಲು ಬಳಸುತ್ತಿದ್ದರೆಂದು ಹೇಳುತ್ತಾರೆ. ಅವರ ವಿಶ್ವವಿದ್ಯಾಲಯ 1939ರಲ್ಲಿ ಫುಟ್‌ಬಾಲನ್ನೇ ಕೈಬಿಟ್ಟಿತು. ಅವರು ಓಡಿದ ಮೈದಾನದ ಮೆಟ್ಟಿಲುಗಳ ಕೆಳಗೆ 1942ರ ಡಿಸೆಂಬರ್ 2ರಂದು ಫರ್ಮಿ ಮತ್ತು ಸಂಗಡಿಗರು ಮೊದಲ ಅಣುಸರಪಳಿ ಕ್ರಿಯೆಯನ್ನು ನಡೆಸಿದರು.

ಬರ್ವಾಂಗರ್ ಕೈತಪ್ಪಿದರೂ ಡ್ರಾಫ್ಟ್ ಬೇರ್ಸ್‌ಗೆ ಕಾಮಧೇನುವಾಯಿತು. 1939ರಲ್ಲಿ ಸಿಡ್ ಲಕ್ಮನ್ ಬಂದರು. 1965ರಲ್ಲಿ ಒಂದೇ ಸುತ್ತಿನಲ್ಲಿ, ಒಬ್ಬರ ಹಿಂದೆ ಒಬ್ಬರಂತೆ, ಡಿಕ್ ಬಟ್ಕಸ್ ಮತ್ತು ಗೇಲ್ ಸೇಯರ್ಸ್ ಸಿಕ್ಕಿದರು. ವೈದ್ಯರಾದ ನಮ್ಮ ಗಮನ ಈ ಇಬ್ಬರ ಮೊಣಕಾಲಿನ ಕಡೆಗೆ ಹೋಗುತ್ತದೆ. ಸೇಯರ್ಸ್ ಬಲ ಮೊಣಕಾಲು 1968ರ ನವೆಂಬರಿನಲ್ಲಿ ಮುರುಟಿತು. ಶಸ್ತ್ರಚಿಕಿತ್ಸೆಯಾಗಿ, 1969ರಲ್ಲಿ ಮರಳಿ ಬಂದು ಇಡೀ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ಓಡಿದರು. 1970ರಲ್ಲಿ ಎಡ ಮೊಣಕಾಲು ಹೋಯಿತು, 1972ಕ್ಕೆ ಆಟವೇ ಮುಗಿಯಿತು. ಬಟ್ಕಸ್ 1973ರವರೆಗೆ ಹಾಳಾದ ಮೊಣಕಾಲಿನ ಮೇಲೆ ಆಡಿ, ತಮಗೆ ಸಿಕ್ಕ ವೈದ್ಯೋಪಚಾರ ಸರಿಯಿರಲಿಲ್ಲವೆಂದು ತಂಡದ ಮೇಲೆಯೇ ದಾವೆ ಹೂಡಿದರು. ಕೊನೆಗೆ ನ್ಯಾಯಾಲಯದ ಹೊರಗೆ ರಾಜಿಯಾಯಿತು. ಇಬ್ಬರೂ ಆ ಕಾಲದ ದೊಡ್ಡ ಹೆಸರುಗಳು. ಹರೆಯ ಗಟ್ಟಿಯಿದ್ದಾಗ ಹತ್ತು ತಂಡಗಳ ಮುಂದೆ ನಿಂತು "ನನ್ನ ಬೆಲೆ ಎಷ್ಟು?" ಎಂದು ಕೇಳುವ ಅವಕಾಶ ಇಬ್ಬರಿಗೂ ಬರಲಿಲ್ಲ.

ಇದೇ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಯ್ದವರು ಜೇಮ್ಸ್ "ಯಾಜೂ" ಸ್ಮಿತ್. 1968ರಲ್ಲಿ ವಾಷಿಂಗ್ಟನ್ ತಂಡ ಅವರನ್ನು ಮೊದಲ ಸುತ್ತಿನಲ್ಲಿ ಆರಿಸಿತು. ಆ ಋತುವಿನ ಕೊನೆಯ ಪಂದ್ಯದಲ್ಲಿ ಕುತ್ತಿಗೆಗೆ ಪೆಟ್ಟಾಗಿ ಒಂದೇ ವರ್ಷಕ್ಕೆ ವೃತ್ತಿ ಮುಗಿಯಿತು. ಡ್ರಾಫ್ಟ್ ಇಲ್ಲದಿದ್ದರೆ ನನ್ನ ಯೋಗ್ಯತೆಗೆ ತಕ್ಕ, ಪೆಟ್ಟಿನಿಂದ ರಕ್ಷಣೆ ಇರುವ ಕರಾರು ಸಿಗುತ್ತಿತ್ತು ಎಂದು ಅವರ ವಾದ. ಡ್ರಾಫ್ಟ್ ಅಂದು ಇದ್ದ ರೂಪದಲ್ಲಿ ಪೈಪೋಟಿ ರಕ್ಷಿಸುವ ಕಾನೂನಿಗೆ ವಿರುದ್ಧ ಎಂದು 1978ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಆದರೆ ಅಷ್ಟರಲ್ಲಿ, 1977ರಲ್ಲೇ, ಆಟಗಾರರ ಸಂಘ ಒಡೆಯರೊಡನೆ ಒಪ್ಪಂದ ಮಾಡಿಕೊಂಡು ಡ್ರಾಫ್ಟಿಗೆ ಸಮ್ಮತಿಸಿತ್ತು. ಸಂಘ ಒಪ್ಪಿದ ಮೇಲೆ ಕಾನೂನಿನ ತೊಡಕಿಲ್ಲ. ಆ ಒಪ್ಪಿಗೆ ಕೊಟ್ಟವರು ಆಗಲೇ ಒಳಗಿದ್ದ ಹಳಬರು. ಇನ್ನೂ ಕಾಲೇಜಿನಲ್ಲಿದ್ದ ಹುಡುಗರಿಗೆ ಸಂಘದಲ್ಲಿ ಮತವಿರಲಿಲ್ಲ ಎಂಬುದನ್ನು ಮುಂದಿನ ಕಥೆಗಾಗಿ ನೆನಪಿಟ್ಟುಕೊಳ್ಳಬೇಕು.

"ಹುಡುಗರನ್ನು ಬೆಳೆಸಿ" ಎನ್ನುವ ಪಕ್ಷದವರ ಪುರಾಣಪುರುಷರು 1985ರ ಬೇರ್ಸ್. 1975ರಲ್ಲಿ ಜಾಕ್ಸನ್ ಸ್ಟೇಟ್ ಎಂಬ ಸಣ್ಣ ಕಾಲೇಜಿನಿಂದ ವಾಲ್ಟರ್ ಪೇಟನ್ ಬಂದರು. 13 ಋತುಗಳಲ್ಲಿ ಅವರು ತಪ್ಪಿಸಿಕೊಂಡದ್ದು ಒಂದೇ ಪಂದ್ಯ. ಓಡಿದ್ದು 16,726 ಗಜ. 1983ರ ಒಂದೇ ಡ್ರಾಫ್ಟಿನಲ್ಲಿ ಜಿಂಬೋ ಕೋವರ್ಟ್, ವಿಲ್ಲಿ ಗಾಲ್ಟ್, ಡೇವ್ ಡ್ಯೂರ್‌ಸನ್ ಮತ್ತು ಎಂಟನೆಯ ಸುತ್ತಿನಲ್ಲಿ, 202 ಜನ ಆದ ಮೇಲೆ, ರಿಚರ್ಡ್ ಡೆಂಟ್ ಸಿಕ್ಕಿದರು. 1986ರ ಜನವರಿ 26ರಂದು ಸೂಪರ್ ಬೌಲಿನಲ್ಲಿ ಬೇರ್ಸ್ 46-10ರಿಂದ ಗೆದ್ದಾಗ ಪಂದ್ಯದ ಶ್ರೇಷ್ಠ ಆಟಗಾರ ಎನ್ನಿಸಿಕೊಂಡವರು ಇದೇ ಡೆಂಟ್. ಆದರೆ ಅದೇ ತಂಡದ ಸ್ಟೀವ್ ಮೆಕ್‌ಮೈಕಲ್ ನ್ಯೂ ಇಂಗ್ಲೆಂಡ್ ತಂಡ ಒಂದೇ ವರ್ಷ ಇಟ್ಟುಕೊಂಡು ಕೈಬಿಟ್ಟವರು ಎಂಬುದನ್ನು ಹುಡುಗರ ಪಕ್ಷದವರು ಸಾಮಾನ್ಯವಾಗಿ ಮರೆಯುತ್ತಾರೆ.

ಆ ತಂಡ ಚದುರಿದ ಬಗೆಯೂ ಪಾಠವೇ. 1984ರ ಮೊದಲ ಸುತ್ತಿನ ಆಯ್ಕೆ ವಿಲ್ಬರ್ ಮಾರ್ಷಲ್‌ಗೆ 1988ರಲ್ಲಿ ವಾಷಿಂಗ್ಟನ್ ತಂಡ ಐದು ವರ್ಷಕ್ಕೆ 60 ಲಕ್ಷ ಡಾಲರ್ ಕೊಡಲು ಮುಂದೆ ಬಂತು. ಅಷ್ಟೇ ಹಣ ಕೊಟ್ಟು ಉಳಿಸಿಕೊಳ್ಳುವ ಹಕ್ಕು ಬೇರ್ಸ್‌ಗೆ ಇತ್ತು. ಅವರು ಕೊಡಲಿಲ್ಲ. ಪರಿಹಾರವಾಗಿ ಎರಡು ಮೊದಲ ಸುತ್ತಿನ ಆಯ್ಕೆಗಳನ್ನು ತೆಗೆದುಕೊಂಡರು. 1992ರ ಜನವರಿಯಲ್ಲಿ ಮಾರ್ಷಲ್ ವಾಷಿಂಗ್ಟನ್ ಪರವಾಗಿ ಸೂಪರ್ ಬೌಲ್ ಗೆದ್ದರು. ಬೇರ್ಸ್‌ಗೆ ಆಯ್ಕೆಗಳು ಬಂದವು, ಎರಡನೆಯ ಸೂಪರ್ ಬೌಲ್ ಆ ದಶಕದಲ್ಲಿ ಬರಲಿಲ್ಲ.

ಇನ್ನೊಬ್ಬನ ಆಟಗಾರನನ್ನು ಕರೆದುಕೊಂಡರೆ ಇಷ್ಟು ದಂಡ ಕೊಡಬೇಕಾಗಿದ್ದರಿಂದಲೇ ಆವರೆಗೆ ಫ್ರೀ ಏಜೆಂಟ್ ಎಂಬುದು ಹೆಸರಿಗೆ ಮಾತ್ರ ಇತ್ತು. 1992ರ ಸೆಪ್ಟೆಂಬರಿನಲ್ಲಿ ಮಿನಿಯಾಪೊಲಿಸ್‌ನ ಜ್ಯೂರಿಯೊಂದು ಫ್ರೀಮನ್ ಮೆಕ್‌ನೀಲ್ ಮತ್ತು ಸಂಗಡಿಗರ ಮೊಕದ್ದಮೆಯಲ್ಲಿ ಆಟಗಾರರ ಕಡೆಗೆ ತೀರ್ಪು ಕೊಟ್ಟಿತು. ಆ ಮೇಲೆ ರೆಜ್ಜಿ ವೈಟ್ ಹೆಸರಿನಲ್ಲಿ ಹೂಡಿದ ದಾವೆ ರಾಜಿಯಾಗಿ, 1993ರ ಮಾರ್ಚಿನಿಂದ ನಿಜವಾದ ಸ್ವಾತಂತ್ರ್ಯ ಬಂತು. ಅದಕ್ಕೆ ಪ್ರತಿಯಾಗಿ 1994ರಿಂದ ಸ್ಯಾಲರಿ ಕ್ಯಾಪ್, ಎಂದರೆ ಒಂದು ತಂಡ ಎಲ್ಲ ಆಟಗಾರರಿಗೂ ಸೇರಿ ಇಷ್ಟಕ್ಕಿಂತ ಹೆಚ್ಚು ಕೊಡಬಾರದೆಂಬ ಮಿತಿ, ಜಾರಿಗೆ ಬಂತು. ಮೊದಲ ವರ್ಷ ಅದು 3 ಕೋಟಿ 46 ಲಕ್ಷ ಡಾಲರ್. 2025ರಲ್ಲಿ 27 ಕೋಟಿ 92 ಲಕ್ಷ. ಈ ಮಿತಿಯೇ ನಮ್ಮ ಇಂದಿನ ವಾದದ ಬೇರು. ದುಡ್ಡಿಗೆ ಮಿತಿಯಿಲ್ಲದಿದ್ದರೆ ಹುಡುಗರನ್ನೂ ಹಳಬರನ್ನೂ ಇಬ್ಬರನ್ನೂ ತರಬಹುದು. ಮಿತಿ ಬಂದ ಮೇಲೆ ಒಬ್ಬನಿಗೆ ಕೊಟ್ಟದ್ದು ಇನ್ನೊಬ್ಬನಿಗೆ ಕೊಡದೇ ಉಳಿಸಿದ್ದು.

ಮೊದಲ ಫಲ ಕಂಡವರು ಗ್ರೀನ್ ಬೇಯವರು (ಬೇರ್ಸ್ ಅಭಿಮಾನಿಗಳು ಕ್ಷಮಿಸಬೇಕು). 31 ವರ್ಷದ ರೆಜ್ಜಿ ವೈಟ್‌ಗೆ 1993ರಲ್ಲಿ ನಾಲ್ಕು ವರ್ಷಕ್ಕೆ 1 ಕೋಟಿ 70 ಲಕ್ಷ ಕೊಟ್ಟು ತಂದರು. 1997ರ ಜನವರಿಯಲ್ಲಿ ಅವರು ಸೂಪರ್ ಬೌಲ್ ಗೆದ್ದುಕೊಟ್ಟರು. ಪಳಗಿದವರ ಪಕ್ಷಕ್ಕೆ ಅಂದಿನಿಂದ ಈ ಉದಾಹರಣೆ ಜಪಮಾಲೆ.

ಡೆಟ್ರಾಯ್ಟಿನವರು ಮಾತ್ರ ಬಹುಕಾಲ ಎರಡೂ ದಾರಿಯಲ್ಲಿ ಎಡವಿದರು. 1989ರಲ್ಲಿ ಮೂರನೆಯ ಆಯ್ಕೆಯಾಗಿ ಬಂದ ಬ್ಯಾರಿ ಸ್ಯಾಂಡರ್ಸ್ ಹತ್ತು ವರ್ಷದಲ್ಲಿ 15,269 ಗಜ ಓಡಿ, ಸೋಲಿನಿಂದ ಬೇಸತ್ತು 1999ರಲ್ಲಿ ಇನ್ನೂ ಕಸುವಿದ್ದಾಗಲೇ ಬಿಟ್ಟುಹೋದರು. ಮ್ಯಾಟ್ ಮಿಲ್ಲನ್ ಆಡಳಿತದಲ್ಲಿ ಲಯನ್ಸ್ ತಂಡ 2003, 2004, 2005 ಮೂರು ವರ್ಷವೂ ಮೊದಲ ಸುತ್ತಿನಲ್ಲಿ ಚೆಂಡು ಹಿಡಿಯುವವರನ್ನೇ ಆರಿಸಿತು. ಮನೆಯ ಗೋಡೆ ಬೀಳುತ್ತಿರುವಾಗ ಮೂರು ವರ್ಷ ಸಾಲಾಗಿ ಕಿಟಕಿಗೆ ಪರದೆ ಕೊಂಡಂತೆ. 2008ರಲ್ಲಿ ಹದಿನಾರಕ್ಕೆ ಹದಿನಾರು ಪಂದ್ಯ ಸೋತರು. ಅದರ ಫಲವಾಗಿ 2009ರಲ್ಲಿ ಮೊದಲ ಆಯ್ಕೆ ಸಿಕ್ಕಿ, ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟ್ಯಾಫರ್ಡ್ ಬಂದರು. ಒಂದೂ ಪಂದ್ಯ ಆಡುವ ಮೊದಲೇ 4 ಕೋಟಿ 17 ಲಕ್ಷ ಡಾಲರ್ ಖಾತ್ರಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ನಮ್ಮವರು ನಕ್ಕರು.

ಹಾಗೆ ನಕ್ಕವರಲ್ಲಿ ಹಳೆಯ ಆಟಗಾರರೂ ಇದ್ದರು, ಆದರೆ ಅವರದು ಕಹಿನಗೆ. ಎಂದೂ ಆಡದ ಹುಡುಗನಿಗೆ ಇಷ್ಟೇಕೆ ಎಂದು ಅವರು, ದುಡ್ಡು ದಂಡವೆಂದು ಒಡೆಯರು, ಇಬ್ಬರೂ ಸೇರಿ 2011ರ ಒಪ್ಪಂದದಲ್ಲಿ ಹೊಸಬರ ಸಂಬಳವನ್ನು ಕತ್ತರಿಸಿದರು. 2010ರ ಮೊದಲ ಆಯ್ಕೆ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7 ಕೋಟಿ 80 ಲಕ್ಷ. 2011ರ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ 2 ಕೋಟಿ 20 ಲಕ್ಷ. ಒಂದೇ ವರ್ಷದ ಅಂತರ. ಕರಾರು ನಾಲ್ಕು ವರ್ಷದ್ದು, ಮೂರು ಋತು ಮುಗಿಯುವ ತನಕ ತಿದ್ದುವಂತಿಲ್ಲ, ಮೊದಲ ಸುತ್ತಿನವರನ್ನು ತಂಡ ಬಯಸಿದರೆ ಐದನೆಯ ವರ್ಷವೂ ಹಿಡಿದಿಟ್ಟುಕೊಳ್ಳಬಹುದು. ಈ ಬಾರಿಯೂ ಕಾಲೇಜಿನ ಹುಡುಗರಿಗೆ ಮತವಿರಲಿಲ್ಲ.

ಅಂದಿನಿಂದ ಡ್ರಾಫ್ಟ್ ಎನ್ನುವುದು ಅಗ್ಗದ ಮಾಲು. ಉದಾಹರಣೆಗೆ 2024ರ ಲೆಕ್ಕ ನೋಡಿ. ಏಪ್ರಿಲಿನಲ್ಲಿ ಡೆಟ್ರಾಯ್ಟಿನಲ್ಲೇ ನಡೆದ, ಏಳೂಮುಕ್ಕಾಲು ಲಕ್ಷ ಜನ ನೆರೆದ ಡ್ರಾಫ್ಟಿನಲ್ಲಿ ಬೇರ್ಸ್ ಮೊದಲ ಆಯ್ಕೆಯಾಗಿ ಕೇಲೆಬ್ ವಿಲಿಯಮ್ಸ್‌ರನ್ನು ತೆಗೆದುಕೊಂಡಿತು. ನಾಲ್ಕು ವರ್ಷಕ್ಕೆ ಸುಮಾರು 3 ಕೋಟಿ 95 ಲಕ್ಷ. ಮರುತಿಂಗಳು ಲಯನ್ಸ್ ತಂಡ ತನ್ನ ಅನುಭವಿ ಜ್ಯಾರೆಡ್ ಗಾಫ್‌ಗೆ ನಾಲ್ಕು ವರ್ಷಕ್ಕೆ 21 ಕೋಟಿ 20 ಲಕ್ಷ ಬರೆದುಕೊಟ್ಟಿತು. ಆಡುವ ಸ್ಥಾನ ಒಂದೇ, ಬೆಲೆ ಐದು ಪಟ್ಟಿಗಿಂತ ಹೆಚ್ಚು. ಆ ಉಳಿತಾಯದಲ್ಲಿ ನಾಲ್ಕಾರು ಹಳಬರನ್ನು ಕೊಳ್ಳಬಹುದು. ಹಾಗೆಂದರೆ ಹುಡುಗರ ಪಕ್ಷ, ಹಳಬರ ಪಕ್ಷ ಎಂಬುದು ಎರಡು ಬೇರೆ ದಾರಿಗಳಲ್ಲ. ಹಳಬರ ಸಂಬಳವನ್ನು ಕಟ್ಟುತ್ತಿರುವವರೇ ಅಗ್ಗದ ಹುಡುಗರು.

ಇದನ್ನು ಲಯನ್ಸ್ ತಂಡ ಚೆನ್ನಾಗಿ ಅರಿತುಕೊಂಡಿತು. 2021ರಲ್ಲಿ ಸ್ಟ್ಯಾಫರ್ಡ್‌ರನ್ನು ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ ಕೊಟ್ಟು ಗಾಫ್, ಎರಡು ಮೊದಲ ಸುತ್ತಿನ ಆಯ್ಕೆ, ಒಂದು ಮೂರನೆಯ ಸುತ್ತಿನ ಆಯ್ಕೆ ಪಡೆಯಿತು. ಪಳಗಿದವರ ಪಕ್ಷ ಹಿಡಿದ ರ‍್ಯಾಮ್ಸ್ ಮರುವರ್ಷವೇ, 2022ರ ಫೆಬ್ರವರಿ 13ರಂದು, ಸೂಪರ್ ಬೌಲ್ ಗೆದ್ದಿತು. ಲಯನ್ಸ್ ತಂಡ ಪೆನೆ ಸೂವೆಲ್, ಏಡನ್ ಹಚಿನ್‌ಸನ್, ನಾಲ್ಕನೆಯ ಸುತ್ತಿನ ಆಮನ್-ರಾ ಸೇಂಟ್ ಬ್ರೌನ್ ಮುಂತಾದವರನ್ನು ಆರಿಸಿ ಬೆಳೆಸಿತು. ಬೇರ್ಸ್ 2019ರಲ್ಲಿ ಆರಿಸಿ, ನಾಲ್ಕು ವರ್ಷ ಆಡಿಸಿ ಬಿಟ್ಟ ಡೇವಿಡ್ ಮಾಂಟ್‌ಗಮರಿಯನ್ನು 2023ರಲ್ಲಿ ಫ್ರೀ ಏಜೆಂಟ್ ಆಗಿ ಕರೆದುಕೊಂಡಿತು. ಆತ ಆ ಋತುವಿನಲ್ಲೇ ಓಡಿ 13 ಟಚ್‌ಡೌನ್ ತಂದುಕೊಟ್ಟರು. 2024ರ ಜನವರಿ 14ರಂದು ಸ್ಟ್ಯಾಫರ್ಡ್ ಎದುರಾಳಿಯಾಗಿ ಡೆಟ್ರಾಯ್ಟಿಗೆ ಬಂದಾಗ ಲಯನ್ಸ್ 24-23ರಿಂದ ಗೆದ್ದಿತು. 32 ವರ್ಷಗಳಲ್ಲಿ ಅವರ ಮೊದಲ ಪ್ಲೇಆಫ್ ಗೆಲುವು ಅದು. ಒಂದು ವ್ಯಾಪಾರದಲ್ಲಿ ಎರಡು ಕಡೆಯವರೂ ಗೆದ್ದದ್ದು ಅಪರೂಪ. ಇಬ್ಬರಿಗೂ ತಮಗೆ ಬೇಕಾದ್ದೇನು ಎಂಬುದು ಗೊತ್ತಿತ್ತು.

ಗೊತ್ತಿಲ್ಲದೆ ಮಾಡಿದ ವ್ಯಾಪಾರಕ್ಕೆ ನಮ್ಮ ಬೇರ್ಸ್ 2017ರಲ್ಲಿ ಉದಾಹರಣೆ ಕೊಟ್ಟರು. ಮಾರ್ಚಿಯಲ್ಲಿ ಮೈಕ್ ಗ್ಲೆನನ್‌ಗೆ ಮೂರು ವರ್ಷಕ್ಕೆ 4 ಕೋಟಿ 50 ಲಕ್ಷದ ಕರಾರು. ಮುಂದಿನ ತಿಂಗಳೇ ಆಯ್ಕೆಗಳನ್ನು ದಂಡ ತೆತ್ತು ಒಂದು ಸ್ಥಾನ ಮೇಲೇರಿ, ಅದೇ ಜಾಗಕ್ಕೆ ಮಿಚೆಲ್ ಟ್ರುಬಿಸ್ಕಿ. ನಾಲ್ಕು ಪಂದ್ಯಕ್ಕೆ ಗ್ಲೆನನ್ ಬೆಂಚಿಗೆ. ಅದೇ ಡ್ರಾಫ್ಟಿನ ಹತ್ತನೆಯ ಆಯ್ಕೆ ಪ್ಯಾಟ್ರಿಕ್ ಮಹೋಮ್ಸ್ ಎಂಬುದನ್ನು ಶಿಕಾಗೊದಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಮರುವರ್ಷ ಎರಡು ಮೊದಲ ಸುತ್ತಿನ ಆಯ್ಕೆಗಳನ್ನು ಕೊಟ್ಟು ಖಲೀಲ್ ಮ್ಯಾಕ್‌ರನ್ನು ತಂದು 12 ಪಂದ್ಯ ಗೆದ್ದರು. 2019ರ ಜನವರಿ 6ರಂದು ಕೊನೆಯ ಒದೆತ ಕಂಬಕ್ಕೂ ಅಡ್ಡಪಟ್ಟಿಗೂ ಬಡಿದು ಆ ಆಸೆಯೂ ಮುಗಿಯಿತು.

ಹುಡುಗರನ್ನು ಆರಿಸುವ ಕಲೆ ಎಷ್ಟು ಕಲೆ, ಎಷ್ಟು ಲಾಟರಿ ಎಂಬುದನ್ನು ಲೆಕ್ಕ ಹಾಕಿದವರೂ ಶಿಕಾಗೊದವರೇ. ಬರ್ವಾಂಗರ್ ಓದಿದ ಅದೇ ವಿಶ್ವವಿದ್ಯಾಲಯದ ರಿಚರ್ಡ್ ಥೇಲರ್ (2017ರ ಅರ್ಥಶಾಸ್ತ್ರದ ನೊಬೆಲ್ ಪಡೆದವರು) ಕೇಡ್ ಮ್ಯಾಸಿಯವರೊಡನೆ ಸೇರಿ ಹಳೆಯ ಸಂಬಳದ ಕಾಲದ ಆಯ್ಕೆಗಳನ್ನು ಪರಿಶೀಲಿಸಿದರು. ಒಂದೇ ಸ್ಥಾನದ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ನಂತರದವನಿಗಿಂತ ಚೆನ್ನಾಗಿ ಆಡುವ ಸಂಭವ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಎಂದು ಕಂಡಿತು. ತಂಡಗಳು ಮೊದಲ ಆಯ್ಕೆಗೆ ವಿಪರೀತ ಬೆಲೆ ಕಟ್ಟುತ್ತವೆ, ಕೊಟ್ಟ ಹಣಕ್ಕೆ ಹೆಚ್ಚು ಆಟ ಸಿಗುವುದು ಎರಡನೆಯ ಸುತ್ತಿನ ಆಸುಪಾಸಿನಲ್ಲಿ ಎಂದರು.

ನಮ್ಮ ಬೆಂಗಳೂರಿನ ತಂಡವೂ ಇದಕ್ಕೆ ಹೊರತಲ್ಲ. 2008ರ ಮೊದಲ ಐ.ಪಿ.ಎಲ್. ಋತುವಿಗೆ ದ್ರಾವಿಡ್, ಕುಂಬ್ಳೆ, ಕಾಲಿಸ್ ಅಂಥವರನ್ನು ಕೂಡಿಸಿದಾಗ ಟೆಸ್ಟ್ ತಂಡವೆಂದು ಜನ ಆಡಿಕೊಂಡರು. ಎಂಟರಲ್ಲಿ ಏಳನೆಯ ಸ್ಥಾನ ಬಂತು. ಆದರೆ ಮರುವರ್ಷ 38ರ ಕುಂಬ್ಳೆಯವರೇ ತಂಡವನ್ನು ಫೈನಲಿಗೆ ಒಯ್ದು, ಅಲ್ಲಿ 16 ಓಟ ಕೊಟ್ಟು 4 ವಿಕೆಟ್ ತೆಗೆದರು. 2008ರಲ್ಲೇ 19ರ ಒಳಗಿನವರಿಗೆಂದು ನಡೆಸಿದ ಪ್ರತ್ಯೇಕ ಡ್ರಾಫ್ಟಿನಲ್ಲಿ ದೆಹಲಿಯವರು ತಮ್ಮೂರ ಹುಡುಗನನ್ನು ಬಿಟ್ಟು ಬೇರೊಬ್ಬ ಬೌಲರನ್ನು ತೆಗೆದುಕೊಂಡರು. ಹಾಗೆ ಬೆಂಗಳೂರಿಗೆ ಬಂದ ಹುಡುಗ ವಿರಾಟ್ ಕೊಹ್ಲಿ. ಕಪ್ಪು ಬಂದದ್ದು 2025ರಲ್ಲಿ, ಹದಿನೆಂಟನೆಯ ಋತುವಿಗೆ.

ಕೊನೆಯದಾಗಿ ನಮ್ಮ ವೃತ್ತಿಯ ಮಾತು. ಈ ದೇಶದಲ್ಲಿ ವೈದ್ಯರಿಗೂ ಒಂದು ಡ್ರಾಫ್ಟ್ ಇದೆ. 1952ರಿಂದ ನಡೆದುಬಂದ ಅದರ ಹೆಸರು ಮ್ಯಾಚ್. ಊರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಇಲ್ಲಿನ ಪರೀಕ್ಷೆಗಳನ್ನು ಪಾಸು ಮಾಡಿ, ಮಾರ್ಚ್ ತಿಂಗಳ ಆ ದಿನಕ್ಕಾಗಿ ಉಗುರು ಕಚ್ಚುತ್ತ ಕಾದವರು ನಮ್ಮ ಕೂಟದಲ್ಲೇ ಎಷ್ಟೋ ಮಂದಿ. ಇಲ್ಲಿ ಅಭ್ಯರ್ಥಿಯೂ ತನಗೆ ಬೇಕಾದ ಆಸ್ಪತ್ರೆಗಳನ್ನು ಕ್ರಮವಾಗಿ ಬರೆಯುತ್ತಾನೆ, ಅಷ್ಟರಮಟ್ಟಿಗೆ ಫುಟ್‌ಬಾಲಿಗಿಂತ ಮೇಲು. ಆದರೆ ಬಂದ ಜಾಗವನ್ನು ಒಪ್ಪಲೇಬೇಕು, ಸಂಬಳದ ಚೌಕಾಸಿ ಇಲ್ಲ. ಇದು ಪೈಪೋಟಿ ಕಾನೂನಿಗೆ ವಿರುದ್ಧವೆಂದು 2002ರಲ್ಲಿ ಕೆಲವು ವೈದ್ಯರು ದಾವೆ ಹೂಡಿದರು. 2004ರಲ್ಲಿ ಕಾಂಗ್ರೆಸ್ಸು ಪಿಂಚಣಿಯ ಕುರಿತ ಮಸೂದೆಯೊಂದರಲ್ಲಿ ಕಲಮು ಸೇರಿಸಿ ಮ್ಯಾಚಿಗೆ ರಕ್ಷಣೆ ಕೊಟ್ಟಿತು, ದಾವೆ ಬಿದ್ದುಹೋಯಿತು. ವಾರಕ್ಕೆ 80 ಗಂಟೆಯ ಮಿತಿ ದೇಶಕ್ಕೆಲ್ಲ ಬಂದದ್ದು 2003ರಲ್ಲಿ. ಅದಕ್ಕಿಂತ ಮೊದಲಿನವರ ಪಾಡು ಓದುಗರೇ ಊಹಿಸಬಹುದು.

ಆದರೂ ವೈದ್ಯರಿಗೆ ಒಂದು ಸಮಾಧಾನವಿದೆ. ರೆಸಿಡೆನ್ಸಿಯ ಅಗ್ಗದ ವರ್ಷಗಳು ಕಳೆದ ಮೇಲೆ ಮೂವತ್ತು ವರ್ಷ ದುಡಿಯುವ ಕೈ, ಕಣ್ಣು ಉಳಿದಿರುತ್ತವೆ. ಫುಟ್‌ಬಾಲ್ ಆಟಗಾರನಿಗೆ ಅಗ್ಗದ ವರ್ಷಗಳೇ ಹಲವು ಸಲ ಎಲ್ಲ ವರ್ಷಗಳು. 1983ರ ಆ ಸುವರ್ಣ ಡ್ರಾಫ್ಟಿನ ಡೇವ್ ಡ್ಯೂರ್‌ಸನ್ 2011ರ ಫೆಬ್ರವರಿಯಲ್ಲಿ, 50ನೆಯ ವಯಸ್ಸಿನಲ್ಲಿ, ತಮ್ಮ ಪ್ರಾಣ ತಾವೇ ತೆಗೆದುಕೊಂಡರು. ತಮ್ಮ ಮೆದುಳನ್ನು ಸಂಶೋಧನೆಗೆ ಕೊಡಬೇಕೆಂದು ಕೇಳಿಕೊಂಡಿದ್ದರು. ತಲೆಗೆ ಪದೇಪದೇ ಬೀಳುವ ಪೆಟ್ಟಿನಿಂದ ಬರುವ ಸಿ.ಟಿ.ಇ. ಎಂಬ ಮೆದುಳಿನ ರೋಗ ಅವರಿಗಿತ್ತೆಂದು ಬಾಸ್ಟನ್ ವಿಶ್ವವಿದ್ಯಾಲಯದ ತಜ್ಞರು ಕಂಡುಕೊಂಡರು. ಡ್ರಾಫ್ಟಿಗೆ ಮೊದಲು ಇಂಡಿಯಾನಪೊಲಿಸ್‌ನಲ್ಲಿ ಎಲ್ಲ ತಂಡಗಳ ವೈದ್ಯರು ಸೇರಿ ಹುಡುಗರ ಮೊಣಕಾಲು, ಭುಜ, ಬೆನ್ನು ಪರೀಕ್ಷಿಸುತ್ತಾರೆ. ಜಾತ್ರೆಯಲ್ಲಿ ಹಲ್ಲು ಎಣಿಸಿದ ಹಾಗೆಯೇ. ಆ ಪರೀಕ್ಷೆ ಕೊಳ್ಳುವವನಿಗಾಗಿ, ಹುಡುಗನಿಗಾಗಿ ಅಲ್ಲ.

ಆದ್ದರಿಂದ ಮುಂದಿನ ಏಪ್ರಿಲಿನಲ್ಲಿ ವಾದ ಶುರುವಾದಾಗ ನಮ್ಮದೊಂದು ಸಣ್ಣ ಸೂಚನೆ. ಹುಡುಗರೋ ಹಳಬರೋ ಎಂದು ಕೇಳುವ ಮೊದಲು, ಈ ಹುಡುಗ ಎಷ್ಟು ವರ್ಷ ಚೌಕಾಸಿ ಮಾಡುವಂತಿಲ್ಲ, ಅಷ್ಟರಲ್ಲಿ ಅವನ ಮೈ ಎಷ್ಟು ಸವೆಯುತ್ತದೆ, ನಾಲ್ಕು ವರ್ಷ ಆದ ಮೇಲೆ ಅವನಿಗೆ ನ್ಯಾಯವಾದ ಬೆಲೆ ಕೊಡಲು ನಮ್ಮ ತಂಡ ಸಿದ್ಧವಿದೆಯೇ ಎಂದು ಮಕ್ಕಳನ್ನು ಕೇಳಿ. ಅವರು ಲೆಕ್ಕದಲ್ಲಿ ಗಟ್ಟಿಗರು, ನಮಗಿಂತ ಬೇಗ ಉತ್ತರ ಹೇಳುತ್ತಾರೆ. ಬೇರ್ಸ್ ಗೆಲ್ಲಲಿ ಎಂಬ ಆಸೆಯೇನೋ ನಮಗೂ ಇದೆ. ಲಯನ್ಸ್ ಕಡೆಯ ನೆಂಟರಿಗೆ ಪಾಯಸ ಬಿಸಿಯಿರುವಾಗಲೇ ಬಡಿಸಿರಿ.